ಎಂ.ಎಸ್ಸಿ.ಗೆ ಬಿದ್ದ ಮುಯ್ಯಿ

ನಮ್ಮ ಕಡೆ ಹುಡುಗಿಗೆ ಮದುವೆ ಅಂದರೆ ಸಾಲ ಕೊಡುವವರು ಮನೆ ಬಾಗಿಲಿಗೇ ಬರುತ್ತಾರೆ, ಎಂ.ಎಸ್ಸಿ. ಅಂದರೆ ಬುದ್ಧಿವಾದ ಹೇಳುವವರು ಬರುತ್ತಾರೆ. ನನಗೆ ಬುದ್ಧಿವಾದ ಬೇಕಾದಷ್ಟು ಸಿಕ್ಕಿತು. ಬೇಕಾಗಿದ್ದದ್ದು ಫೀಸು.

ತುಮಕೂರಿನಲ್ಲಿ ಕೆಮಿಸ್ಟ್ರಿ ಸೀಟು ಬಂದಿತ್ತು. ತಿಂಗಳೊಳಗೆ ದುಡ್ಡು ಕಟ್ಟದಿದ್ದರೆ ಅದು ಪಟ್ಟಿಯಲ್ಲಿ ಮುಂದಿನವರ ಪಾಲು. ಮಧುಗಿರಿ ಹತ್ತಿರದ ನಮ್ಮೂರಲ್ಲಿ ಅಪ್ಪನದು ರಾಗಿ ಬೀಸುವ ಮಿಲ್ಲು. ಅದರಿಂದ ಮನೆಯವರ ಹೊಟ್ಟೆ ತುಂಬುತ್ತಿತ್ತು, ಅಷ್ಟೆ. ಆದರೂ ನಾನು ಹಟ ಹಿಡಿದೆ. ಆ ಸೀಟಿನಲ್ಲಿ ಇನ್ನೊಬ್ಬರು ಕೂರಕೂಡದು.

ಹಸುವಿನ ಓಲೆ

ಅಪ್ಪ, ಅಮ್ಮ, ನಾನು ಮೂವರೂ ಮಧುಗಿರಿಯ ಒಂದು ಬ್ಯಾಂಕಿಗೆ ಹೋದೆವು. ಮ್ಯಾನೇಜರು ಒಳ್ಳೆಯವರೇ. "ನೋಡಮ್ಮ, ಓದಿನ ಸಾಲಕ್ಕೆ ಆ ಪತ್ರ, ಈ ಪತ್ರ, ಮೇಲಿನ ಆಫೀಸಿನ ಒಪ್ಪಿಗೆ ಎಲ್ಲಾ ಬೇಕು. ಎರಡು ತಿಂಗಳಾದ್ರೂ ಆಗುತ್ತೆ" ಅಂದರು.

ಪಕ್ಕದ ಕುರ್ಚಿಯಲ್ಲಿದ್ದವರಿಗೆ ಆಗತಾನೇ ಹಸುವಿನ ಸಾಲ ಮಂಜೂರಾಗಿತ್ತು. ಅಪ್ಪ ಅದನ್ನೇ ನೋಡುತ್ತಿದ್ದರು.

"ಸಾ, ಹಸಕ್ಕಾದ್ರೆ ಬಿರ್‍ರನೆ ಕೊಡ್ತೀರಲ್ಲ. ನಮ್ದೂ ಹಸ ಅಂತ್ಲೇ ಬರ್ಕಳಿ. ಓದೋಳು ಇವ್ಳು, ತೀರ್ಸೋನು ನಾನು. ನಿಮ್ಗೇನಾಗ್ಬೇಕು?"

ಮ್ಯಾನೇಜರಿಗೆ ನಗು ತಡೆಯಲಾಗಲಿಲ್ಲ. "ಹಾಗಾಗಲ್ಲ ಯಜಮಾನ್ರೇ. ಹಸು ಅಂದ್ರೆ ನಾವು ಮನೆಗೆ ಬಂದು ನೋಡ್ತೀವಿ. ಅದರ ಕಿವಿಗೆ ವಿಮೆಯವರ ಓಲೆ ಹಾಕಿರಬೇಕು, ಫೋಟೋ ತೆಗೀಬೇಕು."

ಮಿಲ್ಲಿನ ಮೋಟರು ಸುಟ್ಟಾಗ ನನ್ನ ಓಲೆ ಅಡ ಇಟ್ಟದ್ದು ಅಮ್ಮನಿಗೆ ನೆನಪಾಯಿತು. ನನ್ನ ಬರಿಗಿವಿ ಹಿಡಿದು ಮ್ಯಾನೇಜರಿಗೆ ತೋರಿಸಿದಳು.

"ಇವಳ ಓಲೆ ನಿಮ್ ಬ್ಯಾಂಕ್ನಾಗೇ ಐತಲ್ಲ ಸಾ. ತೆಗ್ದುಕೊಡಿ, ಇಲ್ಲೇ ಹಾಕಿ ಫೋಟೋ ತೆಗ್ಸೋಣ."

ಶಿರಾದ ಶಾಲು

ನಮ್ಮ ಜನಾಂಗದ ಸಂಘದವರು ಶಿರಾದಲ್ಲಿ ಪ್ರತಿಭಾ ಪುರಸ್ಕಾರ ಇಟ್ಟುಕೊಂಡಿದ್ದರು. ಓದುವ ಮಕ್ಕಳಿಗೆ ನೆರವು ಎಂದು ಬ್ಯಾನರಿನಲ್ಲಿ ದಪ್ಪಕ್ಷರದಲ್ಲಿ ಬರೆಸಿದ್ದರು. ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಭಾಷಣ. ಹೆಣ್ಣುಮಕ್ಕಳು ಓದಬೇಕು ಎಂದು ಹೇಳದ ಬಾಯೇ ಇರಲಿಲ್ಲ. ಕೊನೆಗೆ ನನಗೆ ಪೇಟ, ಹಾರ, ಶಾಲು. ಪೇಟವನ್ನು ಮುಂದಿನ ಹುಡುಗನ ತಲೆಗೆ ಬೇಕೆಂದು ಆಗಲೇ ಕಿತ್ತುಕೊಂಡರು. ನೆರವು ಎಲ್ಲಿ ಎಂದು ಅಧ್ಯಕ್ಷರನ್ನು ಕೇಳಿದೆ. "ಮುಂದಿನ ವರ್ಷದಿಂದ ಕಣಮ್ಮ" ಅಂದರು.

ನನಗೆ ರೇಗಿಹೋಯಿತು. ಶಾಲಿನಲ್ಲಿ ಅಂಗಡಿಯ ಚೀಟಿ ಹಾಗೇ ಇತ್ತು. ಸೀದಾ ಆ ಅಂಗಡಿಗೇ ಹೋಗಿ, "ಚಾಚಾ, ಇದನ್ನ ವಾಪಸ್ ತಗೊಂಡು ದುಡ್ಡು ಕೊಡಿ. ಕಾಲೇಜಿಗೆ ಕಟ್ಟಬೇಕು" ಅಂದೆ.

ವಯಸ್ಸಾದ ಸಾಹೇಬರು ಶಾಲನ್ನು ಮಗುಚಿ ನೋಡಿದರು. "ಅರೇ ಬೇಟಿ, ಬೆಳಿಗ್ಗೆ ಸಂಘದೋರು ತಗೊಂಡೋದ್ರಲ್ಲ, ಅದೇ ಇದು. ಅವ್ರು ಇನ್ನಾ ಪೈಸಾನೇ ಕೊಟ್ಟಿಲ್ಲ."

"ಯಾವಾಗ ಕೊಡ್ತಾರಂತೆ?"

"ಮುಂದಿನ ವರ್ಷ ಅಂದವ್ರೆ."

ಶಾಲನ್ನು ಅವರಿಗೇ ಬಿಟ್ಟು, ಅವರು ಕೊಡಿಸಿದ ಟೀ ಕುಡಿದು ಬಂದೆ.

ಮೂಟೆಯ ಟಿಕೆಟ್

ವೈ.ಎನ್.ಹೊಸಕೋಟೆಯ ಅತ್ತೆ ಫೋನ್ ಮಾಡಿದಳು. "ಇಲ್ಲಿಗ್ ಬಾ, ಹುಡುಗ್ರಿಗೆ ಟ್ಯೂಷನ್ ಹೇಳು, ಕೈ ತುಂಬಾ ಸಿಗ್ತದೆ." ಎರಡು ವಾರ ಗಂಟಲು ಹರಿಯುವಂತೆ ಪಾಠ ಹೇಳಿದೆ. ಕೈ ತುಂಬಾ ಸಿಕ್ಕಿದ್ದು ನಿಜ. ಎಲ್ಲಾ ಮನೆಯವರೂ ಕೊಟ್ಟದ್ದು ಕಡ್ಲೆಕಾಯಿ.

ಮಧುಗಿರಿಯಲ್ಲಿ ಮಾರೋಣವೆಂದು ಮೂಟೆ ಕಟ್ಟಿ ಸರ್ಕಾರಿ ಬಸ್ಸು ಹತ್ತಿದೆ.

ಕಂಡಕ್ಟರು, "ನಿಂಗೆ ಫ್ರೀ ಕಣಮ್ಮ. ಮೂಟೆಗೆ ಲಗೇಜ್ ಟಿಕೆಟ್ ತಗೋ" ಅಂದರು.

"ಸಾರ್, ಇದು ಲಗೇಜ್ ಅಲ್ಲ, ನನ್ನ ಕಾಲೇಜ್ ಫೀಸು" ಅಂದೆ. ಅವರು ಜಗ್ಗಲಿಲ್ಲ.

ಹಿಂದಿನ ಸೀಟಿನಿಂದ ಮುದುಕಿಯೊಬ್ಬಳು ಎದ್ದು ನಿಂತಳು. "ಏಮಯ್ಯಾ, ಓದೋ ಹುಡುಗಿ ಹತ್ರ ಕೀಳ್ತೀಯಾ? ಎಲ್ರೂ ಮಡ್ಲು ಒಡ್ರಮ್ಮ!" ಬಸ್ಸಿನ ಹೆಂಗಸರೆಲ್ಲ ಸೆರಗು ಹಿಡಿದರು. ನೋಡನೋಡುತ್ತ ನನ್ನ ಕಡ್ಲೆಕಾಯಿ ಎಲ್ಲರ ಮಡಿಲಿಗೆ ಹಂಚಿಹೋಯಿತು. "ಈಗ ಮೂಟೆ ಎಲ್ಲೈತೆ ತೋರ್ಸು" ಅಂದಳು ಮುದುಕಿ. ಕಂಡಕ್ಟರು ಸೋತರು.

ಮಧುಗಿರಿ ಬರುವಷ್ಟರಲ್ಲಿ ನಾನೂ ಸೋತಿದ್ದೆ. ದಾರಿ ಉದ್ದ, ಕಡ್ಲೆಕಾಯಿ ರುಚಿ. ಮಡಿಲುಗಳಲ್ಲಿ ಸಿಪ್ಪೆ ಮಾತ್ರ ಉಳಿದಿತ್ತು. ಕಂಡಕ್ಟರು ಬಾಯಿ ಒರೆಸಿಕೊಳ್ಳುತ್ತ, "ಕಾಯಿ ಚೆನ್ನಾಗಿತ್ತು ಕಣಮ್ಮ" ಅಂದರು.

ಲಕ್ಷ್ಮಿಯ ಖಾತೆ

ಅಮ್ಮ ಗೊರವನಹಳ್ಳಿಯ ಮಹಾಲಕ್ಷ್ಮಿಗೆ ಹರಕೆ ಹೊತ್ತಳು. ಓದಿಗೆ ಸರಸ್ವತಿ ತಾನೇ ಅಂದೆ.

"ಸರಸ್ವತಿ ಸೀಟ್ ಕೊಡ್ಸವ್ಳೆ, ಅವಳ ಕೆಲ್ಸ ಮುಗೀತು. ಫೀಸು ಲಕ್ಷ್ಮಿ ಖಾತೆ."

ಚಪ್ಪರ

ಕಡೇ ದಿನಕ್ಕೆ ವಾರ ಉಳಿಯಿತು. ನಾನು ಅಡುಗೆಮನೆ ಮೂಲೆಯಲ್ಲಿ ಕೂತು ಅತ್ತುಬಿಟ್ಟೆ. ಆಗ ಎದ್ದವಳು ಅಜ್ಜಿ.

ನಮ್ಮಲ್ಲಿ ಮದುವೆಗೆ ಹೋದವರು ದುಡ್ಡೋ ಪಾತ್ರೆಯೋ ಮುಯ್ಯಿ ಹಾಕುತ್ತಾರೆ. ಅವರ ಮನೆಯ ಮದುವೆಗೆ ನಾವು ಕೊಟ್ಟದ್ದನ್ನು ನಮ್ಮ ಮನೆಯ ಮದುವೆಗೆ ಅವರು ಇನ್ನಷ್ಟು ಸೇರಿಸಿ ತೀರಿಸಬೇಕು. ಅಜ್ಜಿ ಸುತ್ತೂರಿನ ಒಂದು ಮದುವೆಯನ್ನೂ ಬಿಟ್ಟವಳಲ್ಲ. ನಮ್ಮ ಮನೆಯಲ್ಲಿ ಮದುವೆಗೆ ಇರುವವಳು ನಾನೊಬ್ಬಳೇ.

"ನಮ್ ಮುಯ್ಯಿ ಊರ್ ತುಂಬಾ ಬಿದ್ದೈತೆ. ಇವಳ ಮದ್ವೆಗಂಟ ಯಾಕ್ ಕಾಯ್ಬೇಕು? ಭಾನುವಾರ ಚಪ್ಪರ ಹಾಕ್ಲಾ" ಅಂದಳು ಅಪ್ಪನಿಗೆ.

"ಏನಂತ ಕರೀಲವ್ವ ಜನಾನ?"

"ಎಮ್ಮೆಸ್ಸಿ ಅಂತ ಕರಿ."

ಭಾನುವಾರ ಚಪ್ಪರ ಎದ್ದಿತು, ಪಾಯಸ ಕುದಿಯಿತು, ಊರಿಗೆ ಊರೇ ಬಂತು. ಮುಯ್ಯಿ ತೀರಿಸುವುದೆಂದರೆ ನಮ್ಮವರು ಯಾತಕ್ಕೆಂದು ಕೇಳುವುದಿಲ್ಲ. ಒಬ್ಬರು ಸ್ಟೀಲ್ ಬಿಂದಿಗೆ ತಂದರು. ಇನ್ನೊಬ್ಬರು ನನ್ನ ತಲೆಗೆ ಅಕ್ಷತೆ ಹಾಕಿ, ಬೇಗ ಗಂಡುಮಗು ಆಗಲಿ ಎಂದು ಹರಸಿದರು. ಪಕ್ಕದೂರಿನ ದೊಡ್ಡಪ್ಪ ಚಪ್ಪರವನ್ನೆಲ್ಲ ಸುತ್ತಿ ಬಂದು, "ಚಿಕ್ಕವ್ವ, ಗಂಡೆಲ್ಲಿ ಕಾಣಾಕಿಲ್ವಲ್ಲ?" ಅಂದರು.

"ತುಮ್ಕೂರಾಗೈತೆ. ಎರಡು ವರ್ಷ ಇದ್ದು ಬುಟ್ಟು ಬತ್ತಾಳೆ" ಅಂದಳು ಅಜ್ಜಿ.

ಕೊನೆಯಲ್ಲಿ ಬಂದವಳು ಹೂ ಮಾರುವ ಅಕ್ಕ. ಅವಳ ಮನೆಯಲ್ಲಿ ಮದುವೆಯೇ ಆಗಿರಲಿಲ್ಲ, ನಾವು ಮುಯ್ಯಿ ಹಾಕಿರಲೂ ಇಲ್ಲ. "ನೀನ್ಯಾಕಮ್ಮ ಕೊಡ್ತೀಯ?" ಅಂದಳು ಅಜ್ಜಿ.

"ನನ್ ಮಗಳೂ ಡಿಗ್ರಿ ಸೇರವ್ಳೆ. ಎಂ.ಕಾಂ. ಮಾಡ್ತಾಳಂತೆ. ಈಗ ಹಾಕಿರ್ತೀನಿ, ಆಗ ನೀವು ತೀರ್ಸಿ."

ಅವಳದನ್ನೂ ಸೇರಿಸಿ ಎಣಿಸಿದಾಗ ಫೀಸಿಗೆ ಸರಿಹೋಯಿತು. ಸೋಮವಾರ ತುಮಕೂರಿಗೆ ಹೋಗಿ ಫೀಸು ಕಟ್ಟಿದೆ.

ಈಗ ಕೊರಟಗೆರೆಯ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಮೊನ್ನೆ ಹೂವಿನಕ್ಕನ ಮನೆ ಮುಂದೆ ಚಪ್ಪರ ಎದ್ದಿತು, ಮಗಳ ಎಂ.ಕಾಂ.ಗೆ. ಮೊದಲ ಮುಯ್ಯಿ ನನ್ನದೇ. ಊಟಕ್ಕೆ ಕೂತಾಗ ದೊಡ್ಡಪ್ಪ ಅಜ್ಜಿಯನ್ನು ಹಿಡಿದುಕೊಂಡರು.

"ಅಲ್ಲ ಚಿಕ್ಕವ್ವ, ಇರೋ ಮುಯ್ಯಿನೆಲ್ಲ ಓದಿಗೇ ಸುರ್ದೆ. ನಾಳಿಕ್ಕೆ ಇವಳ ಮದ್ವೆಗೆ ಏನ್ ಮಾಡ್ತೀಯಾ?"

ಅಜ್ಜಿ ಎಲೆಯಿಂದ ತಲೆ ಎತ್ತಲಿಲ್ಲ.

"ಬ್ಯಾಂಕ್ನೋರು ಹಸಿನ ಸಾಲ ಕೊಡ್ತಾರೆ ಬುಡ್ಲಾ. ಓಲೆ ಅಳಿಯನ ಕಿವಿಗೆ ಹಾಕ್ಸಿದ್ರಾಯ್ತು."