ಮೊಮ್ಮಗಳ ಬಯಾಲಜಿ, ನನ್ನ ಸಹಿ

ನಮ್ಮ ಮನ್ಯಾಗ ಯಾರರೆ ಓದತೇನಿ ಅಂದ್ರ ಸಾಕು, ಏನರೆ ಒಂದು ಫಜೀತಿ ಆಗೇ ತೀರತೈತಿ. ಈ ಸಲ ಮೊಮ್ಮಗಳ ಪಾಳಿ. ಪಿಯುಸಿ ಮುಗಸ್ಯಾಳ. ಮುಂದ ಜಮಖಂಡ್ಯಾಗ ಬಿಎಸ್ಸಿ, ಅದೂ ಬಯಾಲಜೀನ ತಗೋತೇನಿ ಅಂತ ಕುಂತಾಳ. ಅವರವ್ವ, ಅಂದ್ರ ನನ್ನ ಸೊಸಿ, ಬ್ಯಾಡ ಅಂತಾಳ. ರನ್ನ ಬೆಳಗಲ್ಯಾಗ ಯಾರನ್ನರೆ ಕೇಳ್ರಿ, ನಮ್ಮ ಮನ್ಯಾಗ ನಾ ಹೂಂ ಅನ್ನೂತನಕ ಯಾವ ಫಾರ್ಮಿಗೂ ಸಹಿ ಬೀಳಂಗಿಲ್ಲ.

೧. ಆಕಳ ಹೊಟ್ಟಿ

"ಅದರಾಗ ಓದೂದು ಏನೈತಿ ಬೇ? ನಾ ಎಷ್ಟ ಆಕಳಿಗೆ ಕರಾ ಹಾಕಸೇನಿ ಗೊತ್ತೈತೇನ? ಡಾಕ್ಟರ್ ಬರೂದ್ರಾಗ ಕರಾ ಎದ್ದು ನಿಂತಿರತಿತ್ತು!" ಅಂದೆ.

"ಹಂಗಾರ ಹೇಳ ಅಜ್ಜಾ, ಆಕಳ ಹೊಟ್ಟ್ಯಾಗ ಎಷ್ಟ ಕೋಣಿ ಇರತಾವ?"

"ಒಂದ."

"ನಾಕು!"

ನಲವತ್ತು ವರ್ಷ ಆಕಳಾ ಸಾಕೇನಿ. ಒಂದ ಆಕಳರೆ ನನಗ ಹೇಳಬೇಕಿಲ್ಲೇನ?

೨. ಕಪ್ಪಿ

ಸೊಸಿಗೆ ಇದ್ದದ್ದು ಕಪ್ಪಿ ಚಿಂತಿ. "ಮಾವಾರ, ಅಲ್ಲಿ ಕಪ್ಪಿ ಕೊಯ್ಯಸ್ತಾರಂತ. ಲಿಂಗಾ ಕಟ್ಟಿದ ಹುಡುಗಿ ಕಪ್ಪಿ ಕೊಯ್ಯೂದೇನ್ರಿ?"

ಮೂವರೂ ಬಸ್ ಹತ್ತಿ ಜಮಖಂಡಿ ಕಾಲೇಜಿಗೆ ಹೋದಿವಿ. ನಾ ಅಲ್ಲಿ ಬಯಾಲಜಿ ಮಾಸ್ತರಗ ನೇರ ಕೇಳಿದೆ, "ಕಪ್ಪಿ ಕೊಯ್ಯಸ್ತೀರೇನ್ರಿ?"

"ಈಗ ಅದೆಲ್ಲಾ ಬಂದ್ ಆಗೇತ್ರಿ ಅಜ್ಜಾರ. ಕಂಪ್ಯೂಟರ್‌ನ್ಯಾಗ ತೋರಸ್ತೇವಿ."

ಸೊಸಿ ಸ್ವಲ್ಪ ವಿಚಾರ ಮಾಡಿದ್ಳು. ಆಮ್ಯಾಲೆ ಮಗಳಿಗೆ ಅಂದ್ಳು, "ಕಂಪ್ಯೂಟರ್‌ನ್ಯಾಗ ಕೊಯ್ದರೂ, ಮನಿಗೆ ಬಂದಕೂಡ್ಲೆ ತಲಿಮ್ಯಾಲೆ ನೀರ ಹಾಕ್ಕೊಂಡ ಒಳಗ ಬರಬೇಕು."

೩. ಮೊಸರು

ಅಲ್ಲೇ ನಾ ಮಾಸ್ತರ ಮುಂದ ಎದಿ ತಟ್ಟಿ ಹೇಳಿದೆ, "ಹುಟ್ಟಿದಾಗಿಂದ ಜೀವ ಇದ್ದದ್ದು ಒಂದೂ ಈ ಬಾಯಾಗ ಹೋಗಿಲ್ರಿ!"

ಮಾಸ್ತರ ನಕ್ಕ. ನಮ್ಮ ಬುತ್ತ್ಯಾಗಿನ ಮೊಸರು ಒಂದು ಹನಿ ತಗೊಂಡು ಸೂಕ್ಷ್ಮದರ್ಶಕದಾಗ ಇಟ್ಟ. ಬಗ್ಗಿ ನೋಡಿದೆ. ಸಣ್ಣ ಸಣ್ಣ ಕಡ್ಡಿ, ಲೆಕ್ಕಾನ ಇಲ್ಲ.

"ಇವೆಲ್ಲಾ ಜೀವಂತ ಅದಾವ್ರಿ ಅಜ್ಜಾರ."

ಸೊಸೀನೂ ನೋಡಿದ್ಳು. ಮರುದಿನ ಗಂಗಾಳದಾಗ ರೊಟ್ಟಿ, ಪಲ್ಲೆ, ಚಟ್ನಿ ಅಷ್ಟ. "ಮೊಸರೆಲ್ಲೈತಿ?" ಅಂತ ಒದರಿದೆ.

"ಜೀವ ಅದಾವಲ್ರಿ ಮಾವಾರ."

ಮೂರು ದಿನ ಇದ ಆತು. ರೊಟ್ಟಿ ಗಂಟಲದಾಗ ಇಳಿವಲ್ದು. ಕಡೀಕ ಮೊಮ್ಮಗಳನ್ನ ಕರದೆ. "ಇದಕ್ಕ ನಿಮ್ಮ ಬಯಾಲಜ್ಯಾಗ ಏನರೆ ದಾರಿ ಐತೇನ ಬೇ?"

"ಐತಿ ಅಜ್ಜಾ. ಆದ್ರ ಓದಾಕ ಬಿಟ್ಟರ ಹೇಳತೇನಿ," ಅಂತ ಫಾರ್ಮು, ಪೆನ್ನು ಮುಂದ ಇಟ್ಳು.

ಸಹಿ ಒತ್ತಿದೆ. ಫಾರ್ಮು ಮಡಚಿ ಚೀಲದಾಗ ಇಟ್ಟು ಅವ್ವನ ಕಡೆ ತಿರಗಿದ್ಳು. "ಯವ್ವಾ, ಮೊಸರ ಹಾಕ ಅಜ್ಜಗ. ಆ ಕಡ್ಡಿಗೆ ಜೀವ ಐತಿ ಖರೆ, ಆದ್ರ ಅವು ಪ್ರಾಣಿ ಅಲ್ಲ."

"ಮೊದಲ ಹೇಳಾಕ ಏನಾಗಿತ್ತ ನಿನಗ?" ಅಂತ ಗದರಿದೆ.

"ಮೊದಲ ಸಹಿ ಆಗಿದ್ದಿಲ್ಲಲ್ಲ ಅಜ್ಜಾ."