ಯಾನಾಳ ಇಂಗ್ಲಿಷೂ ಹಿತುಕಿದ ಬೇಳೆಯೂ

ಮನುಷ್ಯನಿಗೆ ಇರುವ ವಿದ್ಯೆಯನ್ನು ಯಾರೂ ಕೇಳದಿದ್ದರೆ ಅದು ಹೊಟ್ಟೆಯಲ್ಲಿ ವಾಯುವಿನಂತೆ ತಿರುಗುತ್ತಿರುತ್ತದೆ. ಹಾಡು ಬಲ್ಲವನು ಬಚ್ಚಲುಮನೆಯಲ್ಲಾದರೂ ಹಾಡಿಕೊಂಡಾನು, ಅಡುಗೆ ಬಲ್ಲವನು ಪಕ್ಕದ ಮನೆಯವರನ್ನಾದರೂ ಕರೆದು ಬಡಿಸಿಯಾನು. ನನ್ನ ಹಾಗೆ ಇಂಗ್ಲಿಷ್ ವ್ಯಾಕರಣ ಬಲ್ಲವನು ಎಲ್ಲಿಗೆ ಹೋಗಬೇಕು? ಮಂಡ್ಯದ ಕನ್ನಡ ಮೀಡಿಯಂ ಶಾಲೆಯಲ್ಲಿ ಬೆತ್ತದ ರುಚಿಯೊಂದಿಗೆ ಕಲಿತ ವ್ಯಾಕರಣ ನನ್ನದು. ನಿದ್ದೆಯಿಂದ ಎಬ್ಬಿಸಿ ಕೇಳಿದರೂ 'ಗೋ, ವೆಂಟ್, ಗಾನ್' ಎಂದು ಒಪ್ಪಿಸಿ ಮತ್ತೆ ಮಲಗಬಲ್ಲೆ. ಆದರೆ ನ್ಯೂಜಿಲೆಂಡಿನ ಲೋವರ್ ಹಟ್‌ನಲ್ಲಿ ಅದು ಯಾರಿಗೆ ಬೇಕು? ಇಲ್ಲಿಯವರು 'ಬಹಳ ಚೆನ್ನ' ಎನ್ನಲು 'ಸ್ವೀಟ್ ಆ್ಯಸ್' ಎಂದು ಹೇಳಿ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಬಂದ ಹೊಸದರಲ್ಲಿ, ಯಾವುದರಷ್ಟು ಸಿಹಿ ಎಂದು ತಿಳಿಯಲು ನಾನು ವಾಕ್ಯದ ಉಳಿದರ್ಧಕ್ಕೆ ಕಾದು ನಿಂತದ್ದುಂಟು. ಹೇಳಿದವನು ಅಷ್ಟರಲ್ಲಿ ತನ್ನ ಯೂಟ್ ಎಂಬ ಪುಟ್ಟ ಟ್ರಕ್ಕು ಹತ್ತಿ ಹೊರಟುಹೋಗಿರುತ್ತಿದ್ದ. ಹೀಗಾಗಿ ಬಹಳ ವರ್ಷ ನನ್ನ ವಿದ್ಯೆಯ ಭಾರವನ್ನೆಲ್ಲ ಹೊತ್ತವಳು ಹೆಂಡತಿ ಗಿರಿಜಾ ಒಬ್ಬಳೇ.

ಗಿರಿಜಾ ಧಾರವಾಡದವಳು, ಇಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ರೆಸ್ಟ್ ಹೋಮಿನಲ್ಲಿ ನರ್ಸ್. ಒಂದು ಸಂಜೆ ಡ್ಯೂಟಿ ಮುಗಿಸಿ ಬಂದವಳೇ, "ಏನ್ರೀ, ನನ್ನ ಇಂಗ್ಲಿಷ್ ತಿದ್ದೂದು ಸಾಕು ಮಾಡ್ರಿ. ನಿಮಗೊಂದು ಗಿರಾಕಿ ತಂದೀನಿ" ಎಂದಳು. ಗಿರಾಕಿಯ ಹೆಸರು ಯಾನಾ. ಚೆಕ್ ದೇಶದವಳು. ಅಲ್ಲಿ ನುರಿತ ನರ್ಸ್ ಆಗಿದ್ದವಳು. ಇಲ್ಲಿ ಇಂಗ್ಲಿಷ್ ಪರೀಕ್ಷೆ ಪಾಸಾಗುವವರೆಗೆ ರೋಗಿಗೆ ಸ್ನಾನ ಮಾಡಿಸಬಹುದು, ಊಟ ಮಾಡಿಸಬಹುದು, ಸೂಜಿ ಮುಟ್ಟುವಂತಿಲ್ಲ. ಒಮ್ಮೆ ಪರೀಕ್ಷೆಗೆ ಕೂತು ಬರವಣಿಗೆಯಲ್ಲಿ ಫೇಲಾಗಿದ್ದಳು. ಮುಂದಿನ ಪರೀಕ್ಷೆ ಡಿಸೆಂಬರಿನಲ್ಲಿ. ಮೊದಲಿಂದ ವ್ಯಾಕರಣವನ್ನು ಇನ್ನೊಮ್ಮೆ ತಿರುವಿ ಹಾಕಬೇಕಂತೆ. ನನಗೆ ಆ ರಾತ್ರಿ ಸಂತೋಷಕ್ಕೆ ಸರಿಯಾಗಿ ಊಟ ಸೇರಲಿಲ್ಲ.

ಭಾನುವಾರ ಬೆಳಿಗ್ಗೆ ಯಾನಾ ಬಂದಳು. ಬಾಗಿಲಲ್ಲೇ ಶೂ ಕಳಚಿ, ಬ್ಯಾಗಿನಿಂದ ತನ್ನದೇ ಮನೆಚಪ್ಪಲಿ ತೆಗೆದು ಮೆಟ್ಟಿಕೊಂಡು ಒಳಗೆ ಕಾಲಿಟ್ಟಳು. ಅವರ ಊರಿನ ಪದ್ಧತಿಯಂತೆ. ಗಿರಿಜಾಗೆ ಅಷ್ಟರಲ್ಲೇ ಅವಳು ಮಗಳಿಗಿಂತ ಹೆಚ್ಚಾದಳು. ಪಾಠ ಶುರುವಾದಾಗ ಇನ್ನೊಂದು ನೆಂಟಸ್ತಿಕೆ ಹೊರಬಿತ್ತು. ಎ, ಆ್ಯನ್, ದಿ ಎಂಬ ಮೂವರು ನಮ್ಮ ಕನ್ನಡದಲ್ಲಿ ಇಲ್ಲದ ಹಾಗೆ ಚೆಕ್ ಭಾಷೆಯಲ್ಲೂ ಇಲ್ಲ. "ವೈ?" ಎಂದು ಅವಳು ಕೇಳಿದಳು. ಚಂದ್ರನಿಗೆ 'ದಿ' ಯಾಕೆ ಬೇಕು, ನ್ಯೂಜಿಲೆಂಡಿಗೆ ಯಾಕೆ ಬೇಡ? ಈ 'ವೈ' ಎಂಬುದನ್ನು ನಮ್ಮ ಮೇಷ್ಟ್ರಿಗೆ ಕೇಳಿದ್ದರೆ ಉತ್ತರ ಬೆನ್ನಿಗೆ ಬರುತ್ತಿತ್ತು. ಬೆತ್ತವಿಲ್ಲದ ದೇಶದಲ್ಲಿ ನಾನು ಬೆರಳನ್ನು ನಂಬಿಕೊಂಡೆ. ಅವಳು ತಪ್ಪಿದ ಕೂಡಲೇ ನನ್ನ ತೋರುಬೆರಳು ಏಳುತ್ತಿತ್ತು. ಅವಳು ನಿಲ್ಲುತ್ತಿದ್ದಳು. ತಿದ್ದುತ್ತಿದ್ದಳು. ಮತ್ತೆ ಬಾಯಿ ತೆರೆದರೆ ಮತ್ತೆ ಬೆರಳು. ಕೆಲವು ವಾರಗಳಲ್ಲಿ ಅವಳ ಬರವಣಿಗೆ ಎಷ್ಟು ಸುಧಾರಿಸಿತೆಂದರೆ ನಾನು ಗಿರಿಜಾಗೆ, "ನೋಡ್ದೇನೇ, ಹೇಗೆ ತಯಾರು ಮಾಡಿದೀನಿ!" ಎಂದು ಕಾಲರ್ ಸರಿಮಾಡಿಕೊಂಡೆ.

"ಮಾಡೀರಿ, ಮಾಡೀರಿ" ಎಂದಳು ಗಿರಿಜಾ. "ನೀವು ಕಲಿಸ್ಲಿಕ್ಕೆ ಹತ್ತಿದ ಮ್ಯಾಲೆ ಆಕಿ ಮಾತಾಡೂದ ಬಿಟ್ಟಾಳ. ಬೆಟ್ಟಿ ಅಜ್ಜಿ ಇವತ್ತ ನನ್ನ ಕೇಳಿದ್ಲು, ಯಾನಾಗ ಗಂಟಲು ಬ್ಯಾನಿ ಏನು ಅಂತ." ಬೆಟ್ಟಿ ಅಜ್ಜಿ ರೆಸ್ಟ್ ಹೋಮಿನ ಹಠಮಾರಿ. ಯಾನಾಳ ಹರಕುಮುರುಕು ಇಂಗ್ಲಿಷಿನ ಕತೆ ಇಲ್ಲದೆ ಅಜ್ಜಿಯ ಗಂಟಲಲ್ಲಿ ಗಂಜಿಯೂ ಇಳಿಯುತ್ತಿರಲಿಲ್ಲವಂತೆ. ಈಗ ಯಾನಾ ಚಹಾ ಹಿಡಿದು ಹಾಸಿಗೆಯ ಪಕ್ಕ ನಿಂತು, ತುಟಿ ಅಲ್ಲಾಡಿಸುತ್ತಾ ವಾಕ್ಯ ಜೋಡಿಸುತ್ತಾಳೆ. ಕರ್ತೃ ಕ್ರಿಯಾಪದಗಳು ಸಾಲಾಗಿ ನಿಲ್ಲುವಷ್ಟರಲ್ಲಿ ಚಹಾ ಆರಿ, ಅಜ್ಜಿ ಮುಖ ತಿರುಗಿಸಿರುತ್ತಾಳೆ. ಬರವಣಿಗೆ ಬಂತು, ಮಾತು ಹೋಯಿತು. ಪರೀಕ್ಷೆಯಲ್ಲಿ ಮಾತೂ ಇದೆ. ತಾನು ಈ ಸಲ ಪರೀಕ್ಷೆಗೆ ಕೂರುವುದಿಲ್ಲ, ಇರುವ ಕೆಲಸವೇ ಸಾಕು ಎಂದು ಯಾನಾ ಗಿರಿಜಾಳ ಮುಂದೆ ಅತ್ತಳಂತೆ. ವಿದ್ಯಾದಾನ ಮಾಡಲು ಹೋಗಿ ಒಬ್ಬಳ ಬಾಯಿಗೆ ಬೀಗ ಹಾಕಿ ಬಂದಿದ್ದೆ.

ಆ ಭಾನುವಾರ ಊಟದ ಮೇಜಿನ ಮೇಲೆ ನನ್ನ ಪುಸ್ತಕಗಳಿರಲಿಲ್ಲ. ಸಂತೆಯಿಂದ ತಂದ ಬ್ರಾಡ್ ಬೀನ್ಸ್ ಸುಲಿದು, ನೀರಿನಲ್ಲಿ ನೆನೆಹಾಕಿದ ದೊಡ್ಡ ಬೋಗುಣಿ ಇತ್ತು. ನಮ್ಮ ಅವರೆಗೆ ಅದು ದೂರದ ದಾಯಾದಿ. ಹಿತುಕಿ ಸಿಪ್ಪೆಯಿಂದ ಬೇಳೆ ಹಾರಿಸಿ ಸಾರು ಮಾಡಿದರೆ ನಾನು ಮಂಡ್ಯ ಬಿಟ್ಟು ಬಂದದ್ದನ್ನು ಅರ್ಧ ಮರೆಯುತ್ತೇನೆ. ಧಾರವಾಡದ ಗಿರಿಜಾಗೆ ಅದು ಮಾಡಲು ಕೆಲಸವಿಲ್ಲದವರ ಅಡುಗೆ. ಅಂಥವಳೇ ಅವತ್ತು ನನ್ನನ್ನೂ ಯಾನಾಳನ್ನೂ ಎದುರುಬದುರು ಕೂರಿಸಿ, "ನಿಮ್ಮ ಎರಡೂ ಕೈ ಬೋಗುಣ್ಯಾಗ ಇರ್ಬೇಕು. ಹೊರಗ ಬಂದ್ರ ನೋಡ್ರಿ ಮತ್ತ!" ಎಂದಳು. ಅವರೆ ಹಿತುಕುತ್ತಾ ಸುಮ್ಮನೆ ಕೂತ ಮನುಷ್ಯನನ್ನು ನಾನು ಇನ್ನೂ ಕಂಡಿಲ್ಲ. ನಮ್ಮ ಕೇರಿಯ ಎಷ್ಟೋ ಮದುವೆಗಳು ಕುದುರಿದ್ದು, ಮುರಿದದ್ದು ಅವರೆ ರಾಶಿಯ ಸುತ್ತಲೇ. ಹತ್ತಿಪ್ಪತ್ತು ಕಾಳು ಹಿತುಕಿದ ಮೇಲೆ ಯಾನಾಳ ಮುಖ ಸಡಿಲವಾಯಿತು. "ಮೈ ಗ್ರ್ಯಾಂಡ್‌ಮದರ್ ಹ್ಯಾವ್ ಗೂಸ್" ಎಂದಳು.

ಅಲ್ಲಿಂದ ಹೊಳೆಯೇ ಹರಿಯಿತು. ಅವರ ಹಳ್ಳಿಯಲ್ಲಿ ಚಳಿಗಾಲದಲ್ಲಿ ಹೆಂಗಸರೆಲ್ಲ ಒಂದು ಮನೆಯಲ್ಲಿ ಸೇರಿ, ದಿಂಬಿಗೆ ತುಂಬಲು ಹೆಬ್ಬಾತುಗಳ ಪುಕ್ಕ ಬಿಡಿಸುತ್ತಾರಂತೆ. ಕತೆ ಹೇಳಬಹುದು, ಆದರೆ ಜೋರಾಗಿ ನಗುವಂತಿಲ್ಲ, ಉಸಿರಿಗೆ ಪುಕ್ಕ ಹಾರುತ್ತದೆ. ಒಮ್ಮೆ ಯಾರೋ ತುಂಟರು ಕಿಟಕಿ ತೆರೆದು ಒಂದು ಗುಬ್ಬಿಯನ್ನು ಒಳಗೆ ಬಿಟ್ಟರಂತೆ. ಯಾನಾ ತಾನೇ ಗುಬ್ಬಿಯಾದಳು, ತಾನೇ ಪುಕ್ಕ ಮೆತ್ತಿದ ಅಜ್ಜಿಯಾದಳು. ಭೂತಕಾಲ ವರ್ತಮಾನಕಾಲದ ಮೇಲೆ ಬಿತ್ತು, 'ದಿ' ಎಂಬುದು ಊರುಬಿಟ್ಟು ಹೋಯಿತು. ನಾನು ಬೋಗುಣಿಯೊಳಗೆ ಬೆರಳನ್ನು ಅದುಮಿ ಹಿಡಿದ ಭರಕ್ಕೆ ಒಂದು ಬೇಳೆ ಚಿಮ್ಮಿ ಗಿರಿಜಾಳ ಕನ್ನಡಕಕ್ಕೆ ಬಡಿಯಿತು. ಗಿರಿಜಾ ಬಿದ್ದು ಬಿದ್ದು ನಕ್ಕಳು. ಅಷ್ಟು ಹೊತ್ತಿಗೆ ನನಗೂ ಬೆರಳಿನ ಜ್ಞಾಪಕ ಹೋಗಿತ್ತು. "ಆಮೇಲೆ? ಗುಬ್ಬಿ ಏನಾಯ್ತು?" ಎಂದು ನಾನೇ ಕೇಳುತ್ತಿದ್ದೆ, ಅದೂ ಕನ್ನಡದಲ್ಲಿ. ಅವಳು ಅದಕ್ಕೂ ಉತ್ತರ ಕೊಟ್ಟಳು.

ಡಿಸೆಂಬರಿನವರೆಗೆ ನಾವು ಬ್ರಾಡ್ ಬೀನ್ಸ್, ಬಟಾಣಿ, ಬೆಳ್ಳುಳ್ಳಿ, ಸಿಕ್ಕಿದ್ದೆಲ್ಲವನ್ನೂ ಸುಲಿದೆವು. ಬರೆದದ್ದನ್ನು ಮಾತ್ರ ನಾನು ತಿದ್ದಬಹುದು, ಆಡಿದ್ದನ್ನು ಮುಟ್ಟುವಂತಿಲ್ಲ ಎಂದು ಗಿರಿಜಾ ಕಾನೂನು ಮಾಡಿದಳು. ಯಾನಾ ಪರೀಕ್ಷೆಗೆ ಕೂತಳು. ಬರವಣಿಗೆ, ಮಾತು ಎರಡರಲ್ಲೂ ಪಾಸಾದಳು. ನರ್ಸಿನ ಅಂಗಿ ತೊಟ್ಟು ಮೊದಲ ದಿನ ಬೆಟ್ಟಿ ಅಜ್ಜಿಗೆ ಸೂಜಿ ಚುಚ್ಚಿದಾಗ ಅಜ್ಜಿ ಸೂಜಿಯನ್ನು ನೋಡಲೇ ಇಲ್ಲವಂತೆ, ಕತೆ ಕೇಳುತ್ತಿದ್ದಳಂತೆ. ಅದನ್ನು ಹೇಳುವಾಗ ಗಿರಿಜಾಳ ಕಣ್ಣು ತುಂಬಿತ್ತು. ನನ್ನದೂ ಸ್ವಲ್ಪ.

ಹೋದ ವಾರ ಯಾನಾ ತನ್ನ ಊರಿನ ಇನ್ನಿಬ್ಬರನ್ನು ಕರೆತಂದಳು. ಅವರೂ ಪರೀಕ್ಷೆ ಕಟ್ಟಿದ್ದಾರೆ, ಇಂಗ್ಲಿಷ್ ಕಲಿಯಬೇಕಂತೆ. ನನ್ನ ಕೀರ್ತಿ ಸಮುದ್ರದಾಚೆಗೂ ಹಬ್ಬಿತೆಂದು ನಾನು ಎದೆಯುಬ್ಬಿಸಿ ನಿಂತೆ. ಯಾನಾ ನನ್ನನ್ನು ತೋರಿಸಿ ಅವರಿಗೆ, ನನಗೂ ತಿಳಿಯಲೆಂದು ಪರೀಕ್ಷೆಯ ಹಂಗಿಲ್ಲದ ತನ್ನ ಹಳೆಯ ಇಂಗ್ಲಿಷಿನಲ್ಲೇ, "ಹೀ ಬೆಸ್ಟ್ ಟೀಚರ್. ಹೀ ಸಿಟ್, ಹೀ ಸೇ ನಥಿಂಗ್" ಎಂದಳು. ಇಷ್ಟು ವರ್ಷದ ನನ್ನ ವ್ಯಾಕರಣಕ್ಕೆ ಸಿಕ್ಕ ಮೊದಲ ಬಿರುದು ಅದು. ಬಿರುದಿನಲ್ಲಿ ತಪ್ಪುಗಳೆಷ್ಟಿವೆ ಎಂದು ನಾನು ಎಣಿಸಲೇ ಇಲ್ಲ. ಸುಳ್ಳೇಕೆ, ಎಣಿಸಿದೆ. ಯಾರಿಗೂ ಹೇಳಲಿಲ್ಲ, ಅಷ್ಟೇ.