ಕೆಂಪು ಚುಕ್ಕೆಯ ಬೆನ್ನು ಹತ್ತಿದ ಪಂಪು

ಮಳೆ ಬಂದರೆ ಊರಿನವರಿಗೆಲ್ಲ ನೀರು ಎಲ್ಲಿ ನುಗ್ಗುತ್ತೋ ಎಂಬ ಚಿಂತೆ. ನನಗೆ, ಈ ಸಲ ಪಂಪು ಎಲ್ಲಿ ಹೋಗಿ ಪೇಚಿಗೆ ಸಿಕ್ಕಿಕೊಳ್ಳುತ್ತೋ ಎಂಬ ಚಿಂತೆ. ದೊಡ್ಡಬಳ್ಳಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿ ತೆಪ್ಪಗಿದ್ದ ನನ್ನ ಮುಂದೆ ಸಾಹೇಬರು ಒಂದು ಕಂಪ್ಯೂಟರ್ ಇಟ್ಟು, "ಇನ್ಮೇಲೆ ಮಳೆ ನಕ್ಷೆ ನಿಮ್ಮ ಜವಾಬ್ದಾರಿ" ಎಂದುಬಿಟ್ಟರು. ನೀರು ನಿಂತದ್ದನ್ನು ಕಂಡವರು ಫೋಟೊ, ಲೊಕೇಶನ್ ಎರಡನ್ನೂ ನಮ್ಮ ವಾಟ್ಸಾಪಿಗೆ ಕಳಿಸಬೇಕು. ನಕ್ಷೆಯಲ್ಲಿ ಅಲ್ಲೊಂದು ಕೆಂಪು ಚುಕ್ಕೆ ಬೀಳುತ್ತದೆ. ಚುಕ್ಕೆ ಹೆಚ್ಚಿರುವ ಕಡೆಗೆ ಟ್ರ್ಯಾಕ್ಟರಿನಲ್ಲಿ ಪಂಪು ಹೋಗಿ ನೀರೆತ್ತುತ್ತದೆ. ಕೇಳಲು ಚೆನ್ನಾಗಿಯೇ ಇದೆ. ಆದರೆ ಚುಕ್ಕೆ ಎಷ್ಟು ಬೇಕಾದರೂ ಬೀಳಬಹುದು, ಪಂಪು ಇರುವುದು ಒಂದೇ.

ಆ ಒಂದು ಪಂಪಿನ ಮೇಲೆ ಜೀವ ಇಟ್ಟುಕೊಂಡವರು ತಗ್ಗಿನ ಬೀದಿಯ ಮಗ್ಗದ ಯಜಮಾನರೊಬ್ಬರು. ಮನೆಯೊಳಗೇ ಮಗ್ಗಗಳು, ಅವುಗಳ ಮೋಟರು ನೆಲಕ್ಕೆ ಅಂಟಿಕೊಂಡಂತಿವೆ. ಮೋಡ ಕಟ್ಟಿದರೆ ಸಾಕು, ನನ್ನ ಮೇಜಿನ ಮುಂದೆ ಹಾಜರು.

"ಅಮ್ಮಾ, ಮೋಟ್ರು ಮುಳುಗೋಕ್ ಮುಂಚೆ ಪಂಪ್ ಕಳಿಸ್ಬಿಡಿ. ಅವು ಸುಟ್ಟೋದ್ರೆ ನಾವು ಬೀದಿಗೆ ಬಂದಂಗೇ."

"ಫೋಟೊ ಕಳಿಸಿ ಯಜಮಾನ್ರೇ, ಪಂಪು ತಾನೇ ಬರುತ್ತೆ."

"ನೀರು ನುಗ್ದಾಗ ಬೀದಿಯೋರೆಲ್ಲಾ ಎರಡೂ ಕೈಲಿ ಸೀರೆ, ನೂಲು ಎತ್ತಿ ಅಟ್ಟಕ್ಕೆ ಹಾಕ್ತಿರ್ತೀವಿ. ಫೋನ್ ಹಿಡಿಯಕ್ಕೆ ಮೂರನೇ ಕೈ ಎಲ್ಲೈತಮ್ಮಾ?"



ದಿಬ್ಬದ ಮೇಲಿನ ಪ್ರವಾಹ

ಮೊದಲ ಜೋರು ಮಳೆಗೆ ಚುಕ್ಕೆಗಳು ಬಿದ್ದವು. ಎಲ್ಲಿ? ಊರಿಗೇ ಎತ್ತರದ ದಿಬ್ಬದ ಬಡಾವಣೆಯಲ್ಲಿ! ನೀರು ಮೇಲಕ್ಕೆ ಹೇಗೆ ಹತ್ತಿತು ಎಂದು ತಲೆ ಕೆರೆದುಕೊಳ್ಳುತ್ತಲೇ ಪಂಪು ಕಳಿಸಿದೆ. ಅಲ್ಲಿಂದ ಫೋಟೊ ಕಳಿಸಿದ್ದ ಒಬ್ಬರಿಗೆ ಫೋನ್ ಮಾಡಿ, "ನಿಮ್ಮನೇಲಿ ಎಷ್ಟು ನೀರು ಸಾರ್?" ಎಂದೆ.

"ನಮ್ಮನೇಲಿ ಎಲ್ಲಿ ನೀರು? ರೈಲ್ವೆ ಸೇತುವೆ ಕೆಳಗೆ ನಿಂತಿರೋದು."

"ಮತ್ತೆ ಅಲ್ಲಿಂದಲೇ ಕಳಿಸಬಾರದಿತ್ತಾ?"

"ಮಳೇಲಿ ನಿಂತ್ಕೊಂಡು ಫೋನ್ ನೆನೆಸ್ಲಾ? ಫೋಟೊ ತೆಗ್ದು, ಮನೆಗ್ ಬಂದು, ತಲೆ ಒರೆಸ್ಕೊಂಡು, ಕಾಫಿ ಕುಡ್ದು ಆರಾಮಾಗಿ ಕಳಿಸ್ದೆ."

ನೋಡಿದರೆ ಬಡಾವಣೆಯವರೆಲ್ಲ ಕಾಫಿ ಕುಡಿದೇ ಕಳಿಸಿದ್ದರು; ನೀರು ಸೇತುವೆ ಕೆಳಗೆ, ಲೊಕೇಶನ್ ಮನೆಯದು. ಅಷ್ಟರಲ್ಲಿ ಪಂಪಿನ ಡ್ರೈವರ್ ಫೋನು. "ಮೇಡಂ, ಬೇಗ ಏನಾದ್ರೂ ಹೇಳಿ. ಇಲ್ಲಿ ನಲ್ಲೀಲಿ ನೀರು ಬಂದು ವಾರ ಆಯ್ತಂತೆ. ನಮ್ಮುನ್ನ ಟ್ಯಾಂಕರ್ ಅಂದ್ಕೊಂಡು ಎಲ್ಲಾ ಬಿಂದಿಗೆ ಹಿಡ್ಕೊಂಡು ನಿಂತವ್ರೆ!"

ಬೇಡವಾದ ಚುಕ್ಕೆ

ಇನ್ನೊಂದು ದಿನ ಸೈಟ್ ಮಾರುವವರೊಬ್ಬರು ಕೆಂಡಾಮಂಡಲವಾಗಿ ಬಂದರು. "ನಮ್ಮ ಲೇಔಟ್ ಮೇಲೆ ಕೆಂಪು ಚುಕ್ಕೆ ಇಟ್ಟೋರು ಯಾರು? ಸೈಟ್ ನೋಡಕ್ಕೆ ಬಂದೋರು ಫೋನಲ್ಲಿ ನಿಮ್ಮ ನಕ್ಷೆ ನೋಡಿ ಕಾರಿಂದ ಇಳೀತಿಲ್ಲ."

"ನೀರು ನಿಂತಿದೆಯಲ್ಲ ಸಾರ್?"

"ನಿಂತೈತೆ. ಇಲ್ಲ ಅಂದ್ನಾ? ಅದನ್ನ ಕೆಂಪಗೆ ಯಾಕೆ ತೋರಿಸ್ತೀರ? ನೀಲಿ ಮಾಡಿ. ಲೇಕ್ ವ್ಯೂ ಅಂತ ಮಾರ್ಕೋತೀವಿ."

ಬಣ್ಣ ಬದಲಿಸುವ ಅಧಿಕಾರ ನನಗಿದೆಯೋ ಇಲ್ಲವೋ ಎಂದು ನಾನು ಗೊಂದಲದಲ್ಲಿದ್ದೆ. ಮೂಲೆಯ ಬೆಂಚಿನಲ್ಲಿದ್ದ ಮಗ್ಗದ ಯಜಮಾನರು ಮೆಲ್ಲಗೆ ಎದ್ದು ಬಂದರು. "ಅಮ್ಮಾ, ಅವ್ರಿಗೆ ಬ್ಯಾಡ್ವಾದ್ರೆ ಆ ಚುಕ್ಕೆ ನಮ್ಮ ಬೀದಿಗ್ ಹಾಕ್ಬಿಡಿ. ಸುಮ್ನೆ ಯಾಕೆ ವೇಸ್ಟು?"

ಪಂಪಿಗೆ ಬಾಗಿನ

ಆಮೇಲೆ ಬಂತು ನೋಡಿ, ಆ ಮಳೆ. ಬೆಳಿಗ್ಗೆ ಕಂಪ್ಯೂಟರ್ ತೆರೆದರೆ ನಮ್ಮ ತಾಲ್ಲೂಕಿನದೇ ಮಧುರೆ ಕಡೆಯ ಒಂದು ಹಳ್ಳಿ ಚುಕ್ಕೆಗಳಲ್ಲಿ ಕಾಣದಂತಾಗಿತ್ತು. ಸಾಹೇಬರು ಗಾಬರಿಬಿದ್ದು, "ಊರೇ ಮುಳುಗಿದೆ, ಪಂಪ್ ಓಡಿಸಿ!" ಎಂದರು. ಓಡಿಸಿದೆ.

ಊರು ಮುಳುಗಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅವರ ಕೆರೆ ಕೋಡಿ ಬಿದ್ದಿತ್ತು. ಹೆಂಗಸರು ಹೊಸ ಸೀರೆಯುಟ್ಟು ಬಾಗಿನ ಬಿಡಲು ಬಂದಿದ್ದರು, ಗಂಡಸರು ತಮ್ಮ ಕೆರೆ ಸರ್ಕಾರದ ನಕ್ಷೆಯಲ್ಲೂ ಬರಲೆಂದು ಖುಷಿಗೆ ಫೋಟೊ ಕಳಿಸಿದ್ದರು. ಆ ಸಂಭ್ರಮದ ನಡುವೆ ನಮ್ಮ ಡ್ರೈವರ್ ಪಂಪು ಇಳಿಸಿ ಪೈಪು ಬಿಚ್ಚಿದ್ದಾನೆ.

"ಏನ್ಲಾ, ನಮ್ ಕೆರೆ ಖಾಲಿ ಮಾಡಕ್ ಬಂದ್ಯಾ?" ಎಂದು ಊರೇ ಅವನನ್ನು ಸುತ್ತುವರಿಯಿತು. ಅವನು ನನಗೆ ಫೋನ್ ಮಾಡಿದ. ಆ ಹೊತ್ತಿಗೇ ಕಚೇರಿಯ ಇನ್ನೊಂದು ಫೋನಿನಲ್ಲಿ ಮಗ್ಗದ ಯಜಮಾನರು ಅಳುವಂತಾಗಿದ್ದರು. "ಅಮ್ಮಾ, ನೀರು ಹೊಸ್ತಿಲಿಗೆ ಬಂತು!"

"ಪಂಪು ಕೆರೆ ಹತ್ತಿರ ಸಿಕ್ಕಿಹಾಕಿಕೊಂಡಿದೆ ಯಜಮಾನ್ರೇ. ಅವರು ಬಾಗಿನ ಬಿಡ್ತಿದ್ದಾರೆ, ಅದಕ್ಕೇ ಅಷ್ಟೊಂದು ಚುಕ್ಕೆ."

"ಬಾಗಿನ ಬಿಟ್ರೆ ಚುಕ್ಕೆ ಬೀಳ್ತದಾ?" ಎಂದು ಕೇಳಿ ಫೋನ್ ಇಟ್ಟರು.

ಅತ್ತ ಹಳ್ಳಿಯವರು ಡ್ರೈವರನಿಗೆ ಪುಳಿಯೋಗರೆ ತಿನ್ನಿಸಿ, ಬಾಗಿನ ಬಿಟ್ಟ ನೀರಿಗೆ ಇನ್ನೆಂದೂ ಪಂಪು ಹಾಕುವುದಿಲ್ಲವೆಂದು ಗಂಗಮ್ಮನ ಮೇಲೆ ಆಣೆ ಮಾಡಿಸಿಕೊಂಡು ಬಿಟ್ಟುಕೊಟ್ಟರು. ಇತ್ತ ನನ್ನ ನಕ್ಷೆಯಲ್ಲಿ ತಗ್ಗಿನ ಬೀದಿಯ ಮೇಲೆ ಒಂದು ಚುಕ್ಕೆ ಬಿತ್ತು. ಹಿಂದೆಯೇ ಇನ್ನೊಂದು, ಮತ್ತೆ ನಾಲ್ಕು, ಆಮೇಲೆ ಎಣಿಸಲಾಗಲಿಲ್ಲ. ಫೋಟೊ ತೆರೆದರೆ ಯಜಮಾನರ ಹೆಂಡತಿ ಮೊಣಕಾಲುದ್ದ ನೀರಿನಲ್ಲಿ ನಿಂತು, ಅರಿಸಿನ ಕುಂಕುಮ ಹಚ್ಚಿ, ಬೀದಿಗೇ ಮೊರದ ಬಾಗಿನ ಬಿಡುತ್ತಿದ್ದಾರೆ! ನೀರು ನುಗ್ಗಿದೆ ಎಂದರೆ ಬಾರದ ಜನ, ಬೀದಿ ಕೋಡಿ ಬಿದ್ದಿದೆ ಎಂದೊಡನೆ ಓಡಿ ಬಂದು, ಅಲ್ಲೇ ನೀರಲ್ಲೇ ನಿಂತು ಫೋಟೊ ಕಳಿಸುತ್ತಿದ್ದರು. ಯಾರೂ ಕಾಫಿಗೆ ಹೋಗಲಿಲ್ಲ.

ನಾನು ಕುಣಿಯುವುದೊಂದು ಬಾಕಿ. ಡ್ರೈವರನನ್ನು ನೇರ ಅಲ್ಲಿಗೇ ಅಟ್ಟಿದೆ. ತಲುಪಿದವನೇ ಫೋನ್ ಮಾಡಿದ.

"ಮೇಡಂ, ನೀರು ಮಗ್ಗದ ಹತ್ರಕ್ಕೇ ಬಂದೈತೆ. ಆದ್ರೆ ನಾನು ಪಂಪ್ ಹಾಕಂಗಿಲ್ಲ."

"ಯಾಕಪ್ಪಾ?"

"ಇಲ್ಲೂ ಬಾಗಿನ ಬಿಟ್ಬಿಟ್ಟವ್ರೆ. ಗಂಗಮ್ಮನ ಮೇಲೆ ಆಣೆ ಮಾಡಿ ಬಂದಿದೀನಿ ನಾನು!"

ಆಣೆ ಮುರಿ ಎನ್ನಲೇ, ಮೋಟರು ಮುಳುಗಲಿ ಎನ್ನಲೇ? ಅಷ್ಟರಲ್ಲಿ ಫೋನಿನಲ್ಲಿ ನೀರು ಬಳಬಳ ಎಂದ ಸದ್ದು, ಹಿಂದೆಯೇ ಯಜಮಾನರ ಹೆಂಡತಿಯ ದನಿ. ತೇಲುತ್ತಿದ್ದ ಮೊರವನ್ನು ಎತ್ತಿ ಅವನ ಟ್ರ್ಯಾಕ್ಟರ್ ಸೀಟಿನ ಮೇಲೆ ಇಟ್ಟರಂತೆ.

"ತಗೊಳಪ್ಪಾ, ಈ ಬಾಗಿನ ಗಂಗಮ್ಮಂಗಲ್ಲ, ನಿನ್ ಪಂಪಿಗೆ! ಮೂರ್ ತಿಂಗ್ಳಿಂದ ಕಾಯ್ತಾ ಇದೀವಿ, ಇವತ್ತು ದರ್ಶನ ಕೊಟ್ಟೈತೆ. ಹಾಕು!"